ರಾತ್ರಿ ಹತ್ತರ ನಂತರ ಬೇಸ್ ಗಿಟಾರ್: ಅಗ್ಗದ ಪುಟ್ಟ ಪ್ರೊಸೆಸರ್ ಸಾಕೇ?

ಕೇಳಿದವರು, ರಾಜಾಜಿನಗರ, ಬೆಂಗಳೂರು:

ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮಾಲೀಕರು, ವಯಸ್ಸಾದ ದಂಪತಿ. ಒಳಕೋಣೆಯಲ್ಲಿ ಎರಡು ವರ್ಷದ ಮಗು. ಕಾಲೇಜಿನಲ್ಲಿದ್ದಾಗ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಈಗ ಸ್ನೇಹಿತನಿಂದ ನಾಲ್ಕು ತಂತಿಯ ಹಳೆಯ ಬೇಸ್ ಒಂದನ್ನು ಕೊಂಡಿದ್ದೇನೆ. ಅಭ್ಯಾಸಕ್ಕೆ ಸಿಗುವುದು ರಾತ್ರಿ ಹತ್ತರಿಂದ ಹನ್ನೊಂದು, ಅಷ್ಟೇ. ಚಿಕ್ಕದೊಂದು ಆಂಪ್ (ಬೇಸ್‌ನ ಸದ್ದನ್ನು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ) ಎರವಲು ತಂದು, ವಾಲ್ಯೂಮ್ ಗುಂಡಿಯನ್ನು ಕಾಲುಭಾಗವೂ ತಿರುಗಿಸದೆ ನುಡಿಸಿದೆ. ಮರುದಿನ ಮಾಲೀಕರು ಮೆಟ್ಟಿಲ ಬಳಿ ನಿಲ್ಲಿಸಿ, "ನಿಮ್ಮ ವಾಷಿಂಗ್ ಮಷೀನ್ ರಿಪೇರಿಗೆ ಬಂದಿದೆಯೇನಪ್ಪಾ?" ಎಂದು ಕೇಳಿದರು. ಆಂಪ್ ಹಿಂದಿರುಗಿಸಿದೆ.

ಝೂಮ್ ಕಂಪನಿಯ ಬಿ1 ಫೋರ್‌ನಂಥ, ಬೇಸ್‌ನ ಸದ್ದನ್ನು ಬೇಕಾದಂತೆ ಬದಲಿಸುವ ಪುಟ್ಟ ಎಫೆಕ್ಟ್ಸ್ ಪ್ರೊಸೆಸರ್ ಮತ್ತು ಹೆಡ್‌ಫೋನ್ ಇದ್ದರೆ ಸಾಕು ಎನ್ನುತ್ತಾರೆ. ಬಳಸಿದವರಿದ್ದರೆ ದಯವಿಟ್ಟು ತಿಳಿಸಿ. ಎಲ್ಲ ಸೇರಿ ಹತ್ತು ಸಾವಿರದ ಸುತ್ತ ಮುಗಿಯಬೇಕು. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ.

ಮೈಸೂರಿನಿಂದ, ಆರ್ಕೆಸ್ಟ್ರಾಗಳಲ್ಲಿ ನುಡಿಸುವವರು:

ಸಾಕು ಸರ್. ನನ್ನ ಬಳಿ ಅದೇ ಇದೆ, ಐದನೆಯ ವರ್ಷ. ರಸಮಂಜರಿಗಳಲ್ಲಿ ಈಗ ಬೇಸ್ ವಾದಕನನ್ನು ಕರೆಯುವುದೇ ಕಡಿಮೆ. ಕೀಬೋರ್ಡಿನವರು ಎಡಗೈಯಲ್ಲೇ ಆ ಕೆಲಸ ಮುಗಿಸಿಬಿಡುತ್ತಾರೆ. ಆದರೆ ಗಣೇಶನ ಹಬ್ಬದ ಹೊತ್ತಿಗೆ ಇದ್ದಕ್ಕಿದ್ದಂತೆ ನಾಲ್ಕು ಕಡೆಯಿಂದ ಫೋನ್ ಬರುತ್ತದೆ. ಅಲ್ಲಿಯವರೆಗೆ ಕೈ ತುಕ್ಕು ಹಿಡಿಯದಂತೆ ನೋಡಿಕೊಂಡದ್ದು ಈ ಪೆಟ್ಟಿಗೆಯೇ.

ಬೇಸ್‌ನಿಂದ ಬರುವ ಕೇಬಲ್ ಒಂದು ಕಡೆ, ಹೆಡ್‌ಫೋನ್ ಇನ್ನೊಂದು ಕಡೆ. ಹಾಡಿನ ಜೊತೆ ನುಡಿಸಬೇಕೆಂದರೆ ಮೊಬೈಲಿನಿಂದ ಒಂದು ವಯರು ಆಕ್ಸ್ ಜಾಕಿಗೆ. ಒಳಗೇ ಟ್ಯೂನರ್ ಇದೆ, 68 ಬಗೆಯ ತಾಳಗಳಿವೆ, ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ 30 ಸೆಕೆಂಡಿನ ಲೂಪರ್ ಇದೆ. ಒಂದೇ ಸಲಕ್ಕೆ ಐದು ಎಫೆಕ್ಟ್‌ಗಳನ್ನು ಸಾಲಾಗಿ ಜೋಡಿಸಬಹುದು. ಐದರ ಅಗತ್ಯ ನನಗಂತೂ ಇದುವರೆಗೆ ಬಿದ್ದಿಲ್ಲ.

ಅಂಗಡಿಯವರು ಹೇಳದ ವಿಷಯವೊಂದಿದೆ. ಇದರಲ್ಲಿ ಆಂಪಿಗೂ ಹೆಡ್‌ಫೋನಿಗೂ ಇರುವುದು ಒಂದೇ ಜಾಕು, ಅದೂ ದಪ್ಪ ಪಿನ್ನಿನದು, 6.35 ಮಿ.ಮೀ. ನಿಮ್ಮ ಹೆಡ್‌ಫೋನಿನ ಪಿನ್ನು ಸಣ್ಣದಿದ್ದರೆ ಕನ್ವರ್ಟರ್ ಬೇಕು. ನಾನು ಸಿಕ್ಕಿದ್ದನ್ನು ಇಪ್ಪತ್ತು ರೂಪಾಯಿಗೆ ತಂದು ಹಾಕಿದೆ. ಎಡಗಿವಿಯಲ್ಲಿ ಮಾತ್ರ ಸದ್ದು. ಪ್ರೊಸೆಸರೇ ಕೆಟ್ಟಿದೆಯೆಂದು ಎರಡು ದಿನ ನಿದ್ದೆಗೆಟ್ಟೆ. ಆಮೇಲೆ ಕನ್ನಡಕ ಹಾಕಿಕೊಂಡು ಪಿನ್ನನ್ನು ದೀಪದ ಹತ್ತಿರ ಹಿಡಿದು ನೋಡಿದರೆ, ಲೋಹದ ಮೇಲೆ ಕಪ್ಪು ಗೆರೆ ಒಂದೇ ಇತ್ತು. ಒಂದು ಗೆರೆಯೆಂದರೆ ಮೋನೋ. ಎರಡು ಗೆರೆ ಇರುವುದನ್ನು, ಅಂದರೆ ಸ್ಟೀರಿಯೋ ಕನ್ವರ್ಟರನ್ನು ಕೇಳಿ ತನ್ನಿ. ನಿಮ್ಮೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದರೆ ಡಜನ್‌ಗಟ್ಟಲೆ ಸಿಗುತ್ತವೆ. ಮೈಕ್ ಇರುವ ಮೊಬೈಲ್ ಇಯರ್‌ಫೋನಿನ ಪಿನ್ನಿನಲ್ಲಿ ಮೂರು ಗೆರೆಗಳಿರುತ್ತವೆ. ಅದನ್ನು ಈ ಕನ್ವರ್ಟರಿಗೆ ಸಿಕ್ಕಿಸಿದರೆ ಕೆಲವೊಮ್ಮೆ ಸದ್ದು ಕೊಡದೊಳಗಿನಿಂದ ಬಂದಂತೆ ಟೊಳ್ಳಾಗಿ ಕೇಳುತ್ತದೆ.

ಹಣದ ದೊಡ್ಡ ಪಾಲನ್ನು ಹೆಡ್‌ಫೋನಿಗೇ ಇಡಿ. ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಇರಲಿ, ಪರವಾಗಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಬಂದ್ ಆಗಿರುವ ಸ್ಟುಡಿಯೋ ಮಾದರಿ ತೆಗೆದುಕೊಳ್ಳಿ. ನನ್ನದು ಆಡಿಯೋ ಟೆಕ್ನಿಕಾ ಎಂ20ಎಕ್ಸ್, ವಿದ್ಯುತ್ ತಡೆ 47 ಓಮ್; ಈ ಪೆಟ್ಟಿಗೆ ಅದನ್ನು ಆರಾಮವಾಗಿ ನುಡಿಸುತ್ತದೆ. 'ಎಕ್ಸ್‌ಟ್ರಾ ಬೇಸ್' ಎಂದು ಡಬ್ಬಿಯ ಮೇಲೆ ಬರೆದಿರುವ ಹೆಡ್‌ಫೋನಿನ ಹತ್ತಿರವೂ ಹೋಗಬೇಡಿ. ಅದು ಸುಮ್ಮನಿದ್ದರೂ ಗುಡುಗುತ್ತದೆ. ನೀವು ಹೆದರಿ ಮಂದ್ರವನ್ನೆಲ್ಲ ಇಳಿಸಿ ಸದ್ದು ಹೊಂದಿಸುತ್ತೀರಿ, ಬೆರಳನ್ನೂ ಹಗುರ ಮಾಡುತ್ತೀರಿ. ನಾಳೆ ನಿಜವಾದ ಆಂಪಿನ ಮುಂದೆ ನಿಂತಾಗ ನಿಮ್ಮ ಬೇಸ್ ಯಾರಿಗೂ ಕೇಳುವುದಿಲ್ಲ.

ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತದ ಕಾಲು ಪಾಲು 125 ಮಿಲಿಸೆಕೆಂಡ್. ತಂತಿ ಮೀಟಿದ ಮೇಲೆ ಅಂಥ ಒಂದೆರಡು ಕಾಲು ಪಾಲು ಕಳೆದು ಸ್ವರ ಕೇಳಿದರೆ ಲಯ ಎಲ್ಲಿಂದ ಬರಬೇಕು? ಆದರೆ ಮೊಬೈಲಿನ ಹಾಡನ್ನು ಪುಟ್ಟ ಬ್ಲೂಟೂತ್ ರಿಸೀವರ್ ಮೂಲಕ ಆಕ್ಸ್ ಜಾಕಿಗೆ ಕೊಡುವುದರಲ್ಲಿ ತೊಂದರೆಯಿಲ್ಲ. ಹಾಡು ಎಷ್ಟು ತಡವಾಗಿ ಬಂದರೂ ನೀವು ಕೇಳಿಸಿದ್ದಕ್ಕೆ ತಾನೇ ನುಡಿಸುವುದು!

ಇನ್ನು ಸದ್ದು. ಪೆಟ್ಟಿಗೆಯೊಳಗಿನ ಸಿದ್ಧ ಸದ್ದುಗಳನ್ನು ಮೊದಲ ವಾರ ಆಟವಾಡಿ ಮುಗಿಸಿ. ಆಮೇಲೆ ಖಾಲಿ ಜಾಗದಲ್ಲಿ ನಿಮ್ಮದೊಂದನ್ನು ಕಟ್ಟಿ: ಒಂದು ಆಂಪ್ ಮಾದರಿ (ನಾನು ಆಂಪೆಗ್ ಎಸ್‌ವಿಟಿ ಎಂಬ ಹೆಸರಾಂತ ಬೇಸ್ ಆಂಪಿನ ನಕಲನ್ನು ಇಟ್ಟುಕೊಂಡಿದ್ದೇನೆ), ಬೇಕಿದ್ದರೆ ಹದವಾಗಿ ಕಂಪ್ರೆಸರ್. ಅಷ್ಟೇ. ಈ ಕಂಪ್ರೆಸರ್ ಸಿಹಿಮಾತಿನ ಸ್ನೇಹಿತನಿದ್ದಂತೆ. ಜೋರಾದದ್ದನ್ನು ತಗ್ಗಿಸಿ, ಮೆತ್ತಗಿನದನ್ನು ಎತ್ತಿ, ಎಲ್ಲವೂ ಸಮವಾಗಿದೆ ಎಂದು ನಂಬಿಸುತ್ತದೆ. ನಾನು ಒಂದು ವರ್ಷ ನಂಬಿದ್ದೆ. ಒಂದು ರಿಹರ್ಸಲ್‌ಗೆ ಪೆಟ್ಟಿಗೆ ಮರೆತು ಹೋಗಿ ನೇರವಾಗಿ ಆಂಪಿಗೆ ಕೇಬಲ್ ಹಾಕಿದಾಗ, ತೋರುಬೆರಳಿನ ಹೊಡೆತ ಗಟ್ಟಿ, ನಡುಬೆರಳಿನದು ಪುಸಕ್ಕನೆ. ಕುಂಟುವವನ ನಡಿಗೆಯ ಹಾಗೆ ಕೇಳುತ್ತಿತ್ತು. ಡ್ರಮ್ಮಿನವರು ಏನೂ ಹೇಳಲಿಲ್ಲ, ತಿರುಗಿ ನೋಡಿದರು. ಅಂದಿನಿಂದ ಪ್ರತಿ ರಾತ್ರಿ ಮೊದಲ ಹದಿನೈದು ನಿಮಿಷ ಎಲ್ಲವನ್ನೂ ಆಫ್ ಮಾಡಿ, ಬರೀ ಬೇಸ್ ಮತ್ತು ತಾಳದ ಬಡಿತ ಕೊಡುವ ಮೆಟ್ರೋನೋಮ್. ಕೇಳಲು ಚೆನ್ನಾಗಿರುವುದಿಲ್ಲ, ಆದರೆ ಕೈಯಲ್ಲಿರುವುದು ಇದ್ದಂತೆಯೇ ಕೇಳುತ್ತದೆ.

ಮಂಗಳೂರಿನಿಂದ, ಇಗರ್ಜಿಯ ಗಾಯನ ತಂಡದಲ್ಲಿ ನುಡಿಸುವವರು:

ಮೇಲಿನವರು ಎಲ್ಲ ಹೇಳಿದ್ದಾರೆ, ಕಾಲಿನ ವಿಷಯ ಬಿಟ್ಟಿದ್ದಾರೆ. ನಾನು ಹೆಡ್‌ಫೋನ್ ಹಾಕಿ ನುಡಿಸಲು ಶುರುಮಾಡಿ ಒಂದು ವಾರವಾಗಿತ್ತು. ಕೆಳಗಿನ ಮನೆಯವರು ಬಂದು, ರಾತ್ರಿ ಮಸಾಲೆ ಕುಟ್ಟುವುದನ್ನು ದಯವಿಟ್ಟು ನಿಲ್ಲಿಸಿ ಎಂದರು. ನನಗೆ ಅರ್ಥವೇ ಆಗಲಿಲ್ಲ. ಅಂದು ರಾತ್ರಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ನಕ್ಕಳು. ನಾನು ಹಿಮ್ಮಡಿಯಿಂದ ಟೈಲ್ಸಿನ ಮೇಲೆ ತಾಳ ಹಾಕುತ್ತಿದ್ದೆ, ನನಗೇ ಗೊತ್ತಿಲ್ಲದೆ, ಒಂದು ಗಂಟೆ ಪೂರ್ತಿ. ಪ್ರೊಸೆಸರಿನ ಗುಂಡಿಯನ್ನು ಕಾಲಲ್ಲಿ ಒತ್ತಿದರೂ ಅದೇ 'ಟಕ್'. ಮೇಜಿನ ಮೇಲಿಟ್ಟು ಕೈಯಲ್ಲಿ ಒತ್ತಿ. ಕಾಲ ಕೆಳಗೆ ದಪ್ಪ ಚಾಪೆ ಹಾಕಿ.

ಬೆಂಗಳೂರಿನಿಂದ, ಧ್ವನಿವ್ಯವಸ್ಥೆಯ ಕೆಲಸ ಮಾಡುವವರು:

ಆ ವಾಷಿಂಗ್ ಮಷೀನ್ ಸದ್ದಿಗೆ ಕಾರಣವಿದೆ. ಬೇಸ್‌ನ ದಪ್ಪ ತಂತಿ, ಅಂದರೆ ತೆರೆದ 'ಇ', ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು; ನಿಮ್ಮ ಕೋಣೆಯೇ ಅಷ್ಟಿರಲಿಕ್ಕಿಲ್ಲ. ಎರಡಿಂಚಿನ ಸ್ಪಂಜನ್ನು ಗೋಡೆಗೆ ಅಂಟಿಸಿದರೆ ಅದು ನಿಲ್ಲುವುದಿಲ್ಲ, ಹಣ ಮಾತ್ರ ಹೋಗುತ್ತದೆ. ಆಂಪನ್ನು ನೆಲದ ಮೇಲಿಟ್ಟರೆ ಸ್ಲ್ಯಾಬು ಕೂಡ ಅದರ ಜೊತೆ ನಡುಗುತ್ತದೆ. ಅಂದ ಹಾಗೆ, ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಇಟ್ಟಿರುವ ಮಿತಿ 45 ಡೆಸಿಬೆಲ್. ಮಾಲೀಕರು ಪಾಪ, ಮರ್ಯಾದೆಯಿಂದಲೇ ಕೇಳಿದ್ದಾರೆ.

ನನ್ನ ಮುಖ್ಯ ಮಾತು ಕರೆಂಟಿನದು. ಬಿ1 ಫೋರ್‌ಗೆ ಮೂರು ದಾರಿಗಳಿವೆ: ನಾಲ್ಕು ಎಎ ಸೆಲ್, ಯುಎಸ್‌ಬಿ, ಅಥವಾ 9 ವೋಲ್ಟ್ ಅಡಾಪ್ಟರ್. ಈ ಅಡಾಪ್ಟರಿನ ಪಿನ್ನಿನ ನಡುಭಾಗ ಮೈನಸ್, ಹೊರಭಾಗ ಪ್ಲಸ್. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರುಗಳು ಹೆಚ್ಚಾಗಿ ಇದಕ್ಕೆ ತಿರುಗಮುರುಗ, ವೋಲ್ಟೇಜೂ ಬೇರೆ. ಪಿನ್ನು ಸರಿಯಾಗಿ ಕೂರುತ್ತದೆ ಎಂದು ರೌಟರಿನ 12 ವೋಲ್ಟಿನದನ್ನು ಚುಚ್ಚಿ, ಸುಟ್ಟ ವಾಸನೆಯೊಂದಿಗೆ ನನ್ನ ಬಳಿಗೆ ಇಂಥ ಪೆಟ್ಟಿಗೆ ತಂದವರು ಒಬ್ಬಿಬ್ಬರಲ್ಲ. ಅಡಾಪ್ಟರಿನ ಮೈಮೇಲೆ ಒಂದು ಚುಕ್ಕಿ, ಅದರ ಸುತ್ತ ಅರ್ಧಚಂದ್ರ, ಎರಡೂ ಬದಿಗೆ ಚಿಹ್ನೆಗಳ ಪುಟ್ಟ ಚಿತ್ರ ಅಚ್ಚಾಗಿರುತ್ತದೆ. ಚುಕ್ಕಿಗೆ ಸೇರಿದ ಗೆರೆಯ ತುದಿಯಲ್ಲಿ ಮೈನಸ್ ಇದ್ದರೆ ಮಾತ್ರ ಮುಂದುವರಿಯಿರಿ.

ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಸೆಲ್ ಹಾಕಿ ನೋಡಿ. ಸೆಲ್ಲಿನಲ್ಲಿ ಸದ್ದು ನಿಂತರೆ ತಪ್ಪು ಕರೆಂಟಿನ ಕಡೆಯದು. ಅಗ್ಗದ ಚಾರ್ಜರ್ ಇರಬಹುದು, ಅರ್ತಿಂಗ್ ಇಲ್ಲದ ಪ್ಲಗ್ ಇರಬಹುದು, ಕರೆಂಟ್ ಹೋದಾಗ ಓಡುವ ಹಳೆಯ ಸ್ಕ್ವೇರ್ ವೇವ್ ಯುಪಿಎಸ್ ಇರಬಹುದು. ಸೆಲ್ಲಿನಲ್ಲೂ ನಿಲ್ಲದಿದ್ದರೆ ಬೇಸ್‌ನ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಕಾಂತದ ತುಂಡು) ನೋಡಿ. ಎರಡು ಪಿಕಪ್ಪಿನ ಜಾಝ್ ಬೇಸ್ ಮಾದರಿಯದಾದರೆ ಎರಡೂ ವಾಲ್ಯೂಮ್ ಗುಂಡಿಗಳನ್ನು ಪೂರ್ತಿ ತಿರುಗಿಸಿ. ಇಂದಿನ ಬಹುತೇಕ ಬೇಸ್‌ಗಳಲ್ಲಿ ಆಗ ಎರಡು ಪಿಕಪ್‌ಗಳ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ. ಪ್ರಿಸಿಷನ್ ಬೇಸ್ ಮಾದರಿಯಲ್ಲಿ 1957ರಿಂದಲೇ ಪಿಕಪ್ಪನ್ನು ಎರಡು ತುಂಡು ಮಾಡಿದ್ದಾರೆ, ಅದರಲ್ಲಿ ಈ ತಲೆನೋವು ಕಡಿಮೆ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಎಫೆಕ್ಟ್) ಹಾಕಿ ಸದ್ದನ್ನು ಮುಚ್ಚಿಡುವುದು ಕೊನೆಯ ಉಪಾಯ. ಅದು ಸ್ವರದ ಬಾಲವನ್ನೂ ಕತ್ತರಿಸುತ್ತದೆ.

ಇನ್ನೊಂದು: ಇದರ ಯುಎಸ್‌ಬಿ ಕರೆಂಟಿಗೆ ಮತ್ತು ಸಾಫ್ಟ್‌ವೇರಿಗೆ ಮಾತ್ರ. ನೇರವಾಗಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಬೇಕೆಂದಿದ್ದರೆ ಬೇರೆ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ಬೇಕಾಗುತ್ತದೆ.

ಹುಬ್ಬಳ್ಳಿಯಿಂದ:

ಇಷ್ಟೆಲ್ಲ ಯಾಕೆ ಬೇಕು? ವಾಕ್ಸ್ ಕಂಪನಿಯ ಆಂಪ್‌ಪ್ಲಗ್ ಬೇಸ್ ಎಂಬ ಹೆಡ್‌ಫೋನ್ ಆಂಪ್ ಇದೆ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. ಎರಡು ಎಎಎ ಸೆಲ್ ಹಾಕಿ ಬೇಸ್‌ನ ಜಾಕಿಗೇ ಚುಚ್ಚಿದರೆ ಮುಗಿಯಿತು, ಸಣ್ಣ ಪಿನ್ನಿನ ಹೆಡ್‌ಫೋನ್ ನೇರವಾಗಿ ಕೂರುತ್ತದೆ, ಮೊಬೈಲಿಗೂ ಜಾಗವಿದೆ. ನನಗೂ ಪ್ರೊಸೆಸರ್ ಇತ್ತು. ಹತ್ತು ಗಂಟೆಗೆ ಕೂತು, ಹತ್ತೂ ಮುಕ್ಕಾಲಿನವರೆಗೆ ಸಿಂಥ್ ಸದ್ದನ್ನು ತಿದ್ದಿ, ಹದಿನೈದು ನಿಮಿಷ ನುಡಿಸಿ ಮಲಗುತ್ತಿದ್ದೆ. ಮಾರಿಬಿಟ್ಟೆ. ಒಂದು ಗಂಟೆಯಷ್ಟೇ ಇರುವವರಿಗೆ ಗುಂಡಿಗಳು ಕಡಿಮೆ ಇದ್ದಷ್ಟೂ ಒಳ್ಳೆಯದು.

ಮೈಸೂರಿನವರು ಮತ್ತೆ:

ಹುಬ್ಬಳ್ಳಿಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಗುಂಡಿ ತಿರುಗಿಸುವ ಚಟವಿದ್ದರೆ ಪುಟ್ಟದೇ ಸರಿ. ಆದರೆ ಹನ್ನೊಂದು ವರ್ಷದ ಬಳಿಕ ಮರಳುವವರಿಗೆ ಲೂಪರ್ ಬೇಕು. ತಾನು ನುಡಿಸಿದ್ದನ್ನು ಆ ಕ್ಷಣವೇ ಕೇಳಲು ಬೇರೆ ದಾರಿಯಿಲ್ಲ.

ಜರ್ಮನಿಯಿಂದ, ವೀಣೆ ಕಲಿತು ಬೇಸ್‌ಗೆ ಬಂದವರು:

ಇಲ್ಲಿಯೂ ರಾತ್ರಿ ಹತ್ತರಿಂದ ಆರರವರೆಗೆ ಮೌನದ ಹೊತ್ತು. ನೆರೆಯವರು ಮಷೀನಿನ ನೆಪ ಹೇಳುವುದಿಲ್ಲ, ನೇರವಾಗಿ ಚೀಟಿ ಅಂಟಿಸುತ್ತಾರೆ. ಹಾಗಾಗಿ ನನಗೂ ಇದೇ ಪೆಟ್ಟಿಗೆ ಗತಿ.

ಲೂಪರ್ ಬಗ್ಗೆ ಹೇಳುತ್ತೇನೆ. 30 ಸೆಕೆಂಡ್ ಎಂದರೆ ಎಷ್ಟು ಎಂಬ ಲೆಕ್ಕ ಮೊದಲೇ ತಿಳಿದಿರಲಿ. ನಿಮಿಷಕ್ಕೆ 60ರ ಕಾಲದಲ್ಲಿ ಆದಿತಾಳದ ಒಂದು ಆವರ್ತನ ಎಂಟು ಸೆಕೆಂಡ್, ಮೂರು ಆವರ್ತನ ಹಿಡಿಸುತ್ತದೆ. ನಿಮಿಷಕ್ಕೆ 80ರ ನಾಲ್ಕು ಬಡಿತದ ಹಾಡಾದರೆ ಹತ್ತು ಬಾರ್ (ನಾಲ್ಕು ಬಡಿತದ ಒಂದು ಸುತ್ತೇ ಬಾರ್). ಹದಿನಾರು ಬಾರ್‌ಗಳ ಪಲ್ಲವಿ ಪೂರ್ತಿ ಸಿಗುವುದಿಲ್ಲ, ಅರ್ಧರ್ಧ ಮಾಡಿಕೊಳ್ಳಿ. ನಾನು ಮೊದಲು ಮೂಲಸ್ವರಗಳನ್ನು ಮಾತ್ರ ತುಂಬಿಸಿ, ಅದು ಸುತ್ತುತ್ತಿರುವಾಗ ಕೈಬಿಟ್ಟು ಬಾಯಲ್ಲಿ ತಕದಿಮಿ ಹೇಳುತ್ತೇನೆ. ನನ್ನ ಮೂರನೆಯ ಸ್ವರ ಯಾವಾಗಲೂ ಕೂದಲೆಳೆಯಷ್ಟು ಮುಂಚೆ ಬೀಳುತ್ತದೆಂದು ಹೀಗೆಯೇ ಗೊತ್ತಾದದ್ದು. ನುಡಿಸುವಾಗ ಅದು ಎಂದೂ ಕೇಳಿಸಿರಲಿಲ್ಲ.

ಮೆಟ್ರೋನೋಮನ್ನು 40ಕ್ಕೆ ಇಟ್ಟು, ಆ ಸದ್ದನ್ನು ಎರಡನೆಯ ಮತ್ತು ನಾಲ್ಕನೆಯ ಬಡಿತ ಎಂದುಕೊಂಡು ನುಡಿಸಿ ನೋಡಿ. ಮೊದಲ ದಿನ ಬೆವರು ಬರುತ್ತದೆ.

ಕಿವಿಯ ಬಗ್ಗೆಯೂ ಒಂದು ಮಾತು. ವಾರಕ್ಕೆ 40 ಗಂಟೆಯಾದರೆ 80 ಡೆಸಿಬೆಲ್ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಂದ್ರಸ್ವರಗಳು ಕಿವಿಗೆ ಚುಚ್ಚುವುದಿಲ್ಲವಾದ್ದರಿಂದ ಗೊತ್ತಿಲ್ಲದೆ ಏರಿಸುತ್ತಾ ಹೋಗುತ್ತೇವೆ. ಬೇಸ್ ಕೇಳದಿದ್ದರೆ ಬೇಸನ್ನು ಏರಿಸುವ ಬದಲು ಮೊಬೈಲಿನ ಹಾಡನ್ನು ಇಳಿಸಿ.

ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ವಂದನೆ. ಸೆಕೆಂಡ್ ಹ್ಯಾಂಡ್ ಬಿ1 ಫೋರ್ ಸಿಕ್ಕಿತು, ಉಳಿದ ಹಣದಲ್ಲಿ ಹೆಡ್‌ಫೋನ್, ಎರಡು ಗೆರೆಯ ಕನ್ವರ್ಟರ್. ಮಗುವಿನ ಹಳೆಯ ಹಾಸಿಗೆಯನ್ನು ಮಡಚಿ ಕಾಲಡಿಗೆ ಹಾಕಿದ್ದೇನೆ. ನಡುಬೆರಳಿನ ಕಾಯಿಲೆ ನನಗೂ ಇದೆ. ಕಂಪ್ರೆಸರ್ ತೆಗೆದ ಮೊದಲ ರಾತ್ರಿ ಬೇಸ್ ಎತ್ತಿ ಮಂಚದ ಕೆಳಗೆ ಹಾಕಿಬಿಡೋಣ ಎನ್ನಿಸಿತು. 40ರ ಮೆಟ್ರೋನೋಮ್ ಇನ್ನೂ ಕೈಗೆ ಸಿಕ್ಕಿಲ್ಲ, ನಾಲ್ಕು ಸುತ್ತಿನೊಳಗೆ ನಾನು ಮೊದಲನೆಯ ಬಡಿತಕ್ಕೆ ಜಾರಿಬಿಡುತ್ತೇನೆ.

ನಿನ್ನೆ ಬಾಡಿಗೆ ಕೊಡಲು ಕೆಳಗೆ ಹೋದಾಗ ಮಾಲೀಕರು, "ಮಷೀನ್ ಸರಿಹೋಯಿತಲ್ಲವೇ?" ಎಂದರು. ಹೌದು ಎಂದೆ.