60 ಲಕ್ಷದ ಆಮದು ಕಾರು ಬೆಂಗಳೂರಿನ ರಸ್ತೆಗಿಳಿಯುವಾಗ 2.45 ಕೋಟಿ: ಈ ಲೆಕ್ಕ ಹೇಗೆ?

ಮೂರನೇಲೇನ್:

ಪೂರ್ತಿ ತಯಾರಾಗಿ ಹೊರದೇಶದಿಂದ ಬರುವ ಪೆಟ್ರೋಲ್ ಎಸ್‌ಯುವಿ, 2998 ಸಿಸಿ. ಬಂದರಿಗೆ ಬಂದಿಳಿಯುವಾಗ ಸಿಐಎಫ್ ಬೆಲೆ (ಕಾರಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿ) 60 ಲಕ್ಷ ರೂಪಾಯಿ ಅಂತಿಟ್ಟುಕೊಳ್ಳಿ. ಮೂಲ ಸುಂಕ ಶೇ. 70, ಕೃಷಿ ಸೆಸ್ ಶೇ. 40, ಜಿಎಸ್‌ಟಿ ಶೇ. 40, ಕರ್ನಾಟಕದ ರಸ್ತೆ ತೆರಿಗೆ ಹತ್ತಿರ ಹತ್ತಿರ ಶೇ. 20. ಎಲ್ಲ ಕೂಡಿಸಿದರೆ ಶೇ. 170. ಅಂದರೆ 1.62 ಕೋಟಿಗೆ ಕಾರು ಮನೆ ಮುಂದೆ ನಿಲ್ಲಬೇಕಿತ್ತು. ಕೊಟೇಶನ್ ನೋಡಿದರೆ ವಿಮೆ ಬಿಟ್ಟೇ 2.45 ಕೋಟಿ. ನಡುವಿನ 80 ಲಕ್ಷಕ್ಕೂ ಮಿಕ್ಕಿದ ದುಡ್ಡು ಎಲ್ಲಿಗೆ ಹೋಯ್ತು? ಡೀಲರ್ ತಿಂದನೇ?

ಜೊತೆಗೆ ಇನ್ನೆರಡು. ಸ್ವಂತವಾಗಿ ತರಿಸಿಕೊಂಡರೆ ಏನಾದರೂ ಉಳಿಯುತ್ತಾ? ಇಲ್ಲಾ, ಹೊರರಾಜ್ಯದ ನಂಬರಿರುವ ಎರಡು-ಮೂರು ವರ್ಷ ಹಳೇ ಆಮದು ಕಾರು ತಗೊಳ್ಳೋದೇ ವಾಸಿಯಾ?

ಬಂದರುಕಟ್ಟೆ:

ಡೀಲರ್ ತಿಂದಿದ್ದಕ್ಕಿಂತ ನೀವು ಕೂಡಿಸಿದ ರೀತಿ ತಿಂದಿದ್ದೇ ಹೆಚ್ಚು. ಮೂಲ ಸುಂಕ ಮತ್ತು ಕೃಷಿ ಸೆಸ್ (ಎಐಡಿಸಿ) ಎರಡನ್ನು ಮಾತ್ರ ಕೂಡಿಸಬಹುದು, ಯಾಕೆಂದರೆ ಎರಡೂ ಸಿಐಎಫ್ ಮೇಲೆ ಬೀಳುತ್ತವೆ. ಅದರಾಚೆಗೆ ಎಲ್ಲವೂ ಗುಣಾಕಾರ. ನಿಮ್ಮ 60 ಲಕ್ಷವನ್ನೇ ತಗೊಳ್ಳೋಣ:

ಸಿಐಎಫ್: 60.00 ಲಕ್ಷ
ಮೂಲ ಸುಂಕ ಶೇ. 70: 42.00
ಎಐಡಿಸಿ ಶೇ. 40: 24.00
ಬಂದರಿನಿಂದ ಹೊರಗೆ: 126.00
ಕಂಪನಿ, ಡೀಲರ್ ಇಬ್ಬರ ಲಾಭ, ಖರ್ಚು ಸೇರಿ ಶೇ. 15 ಎಂದುಕೊಂಡರೆ: 18.90
ಇಲ್ಲಿಗೆ: 144.90
ಜಿಎಸ್‌ಟಿ ಶೇ. 40: 57.96
ಎಕ್ಸ್‌ ಶೋರೂಮ್: 202.86
ಜೀವಾವಧಿ ತೆರಿಗೆ (ಅದೇ ರಸ್ತೆ ತೆರಿಗೆ) ಶೇ. 18, ಆ ತೆರಿಗೆ ಮೇಲೆ ಶೇ. 11 ಸೆಸ್, ಅಂದರೆ ಶೇ. 19.98: 40.53
ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಶೇ. 1: 2.03
ಒಟ್ಟು: 245.42 ಲಕ್ಷ

ಬಂದರಿನಲ್ಲಿ ಕಂಪನಿ ಆಮದಿನ ಮೇಲಿನ ಜಿಎಸ್‌ಟಿಯಾದ ಐಜಿಎಸ್‌ಟಿ ಕಟ್ಟುತ್ತದೆ, ಆದರೆ ಅದನ್ನು ಕ್ರೆಡಿಟ್ ತಗೊಂಡು ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತದೆ. ಅದಕ್ಕೇ ಕೊನೆಯ ಮಾರಾಟ ಬೆಲೆ ಮೇಲಿನ ಜಿಎಸ್‌ಟಿ ಮಾತ್ರ ಬರೆದಿದ್ದೇನೆ.

ಈಗ 57.96 ಲಕ್ಷ ಜಿಎಸ್‌ಟಿಯನ್ನು ಸ್ವಲ್ಪ ಬಿಡಿಸಿ ನೋಡಿ. ಕಾರಿನ ನಿಜವಾದ 60 ಲಕ್ಷದ ಮೇಲೆ ಬಿದ್ದಿದ್ದು 24 ಲಕ್ಷ. 66 ಲಕ್ಷ ಸುಂಕದ ಮೇಲೆ ಬಿದ್ದಿದ್ದು 26.40 ಲಕ್ಷ. ತೆರಿಗೆ ಮೇಲಿನ ತೆರಿಗೆಯೇ ಕಾರಿನ ಮೇಲಿನ ತೆರಿಗೆಗಿಂತ ದೊಡ್ಡದು! ಆರ್‌ಟಿಒ ಕಥೆಯೂ ಅದೇ: 40.53 ಲಕ್ಷದಲ್ಲಿ ಮೂಲ 60 ಲಕ್ಷಕ್ಕೆ ಸೇರಿದ್ದು 12 ಲಕ್ಷದಷ್ಟು. ಉಳಿದದ್ದು ಸುಂಕ, ಲಾಭ, ಜಿಎಸ್‌ಟಿ ಇವುಗಳ ಮೇಲೆ ಹಾಕಿದ ರಸ್ತೆ ತೆರಿಗೆ.

ಟಿಸಿಎಸ್ ಖರ್ಚಲ್ಲ. 10 ಲಕ್ಷ ಮೀರಿದ ಕಾರಿಗೆಲ್ಲ ಹಿಡಿಯುತ್ತಾರೆ. ಆದಾಯ ತೆರಿಗೆಯ ಜಮಾ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತದೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಕೊಟೇಶನ್ನಿನಲ್ಲಿ ಕೊಟ್ಟ ಪ್ಯಾನ್ ಯಾರದೋ, ಕಾರು ಬಿಲ್ ಆಗುವುದು ಯಾರ ಹೆಸರಿಗೋ ಆದರೆ ಮಾತ್ರ ಆ ಕ್ರೆಡಿಟ್‌ಗಾಗಿ ಅಲೆಯಬೇಕಾಗುತ್ತದೆ.

ಲೆಕ್ಕದಕಡತ:

ಬಂದರುಕಟ್ಟೆಯವರ ಲೆಕ್ಕ ಸರಿ. ಒಂದು ಸೇರಿಸುತ್ತೇನೆ, ಏಕೆಂದರೆ 2025ರ ಫೆಬ್ರುವರಿ ಬಜೆಟ್ ಆದ ದಿನ "ಐಷಾರಾಮಿ ಕಾರಿನ ಸುಂಕ 100ರಿಂದ 70ಕ್ಕೆ ಇಳಿಯಿತು" ಅಂತ ಎಲ್ಲೆಡೆ ಓಡಿತ್ತು. ಇಳಿದಿಲ್ಲ. ಮೊದಲು ಮೂಲ ಸುಂಕ 100, ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ 10, ಒಟ್ಟು 110 ಇತ್ತು. ಈಗ 70 ಮತ್ತು 40, ಒಟ್ಟು ಅದೇ 110. ಕೊಳ್ಳುವವನಿಗೆ ಒಂದು ಪೈಸೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಆಗಿದ್ದು ರಾಜ್ಯಗಳಿಗೆ: ಮೂಲ ಸುಂಕದಲ್ಲಿ ರಾಜ್ಯಗಳಿಗೆ ಪಾಲುಂಟು, ಸೆಸ್ಸಿನಲ್ಲಿ ಇಲ್ಲ.

ನಿಜವಾಗಿ ಇಳಿದದ್ದು ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ. ದೊಡ್ಡ ಎಸ್‌ಯುವಿಗೆ ಮೊದಲು 28 ಜೊತೆಗೆ ಪರಿಹಾರ ಸೆಸ್ 22, ಒಟ್ಟು 50. ಈಗ 40. ಇದೇ ಉದಾಹರಣೆಯಲ್ಲಿ 14.49 ಲಕ್ಷ ಕಡಿಮೆ. ಅದಕ್ಕಿಂತ ಹಿಂದಿನ ಬೆಲೆಪಟ್ಟಿ ಹಿಡಿದು ಯಾರೂ ಚೌಕಾಸಿಗೆ ಕೂರಬೇಡಿ.

ಇನ್ನು 40,000 ಡಾಲರ್ ಗೆರೆ. ಸಿಐಎಫ್ ಅದರೊಳಗಿದ್ದು, ಎಂಜಿನ್ ಪೆಟ್ರೋಲಿಗೆ 3000 ಸಿಸಿ, ಡೀಸೆಲ್ಲಿಗೆ 2500 ಸಿಸಿ ಮೀರದಿದ್ದರೆ ಸುಂಕ ಶೇ. 70 ಮಾತ್ರ. ದಾಟಿದರೆ ಇಡೀ ಬೆಲೆಗೆ 110. ಆದಾಯ ತೆರಿಗೆಯ ಸ್ಲ್ಯಾಬಿನ ಹಾಗೆ ದಾಟಿದ ಭಾಗಕ್ಕೆ ಮಾತ್ರ ಅಲ್ಲ. ಡಾಲರಿಗೆ 85 ರೂಪಾಯಿ ಹಿಡಿದು ನೋಡಿ: 39,500 ಡಾಲರಿನ ಕಾರು ಸುಂಕ, ಜಿಎಸ್‌ಟಿ ಸೇರಿ 79.9 ಲಕ್ಷ, 40,500 ಡಾಲರಿನದು 101.2 ಲಕ್ಷ. ಸಾವಿರ ಡಾಲರಿಗೆ, ಅಂದರೆ 85 ಸಾವಿರ ರೂಪಾಯಿಗೆ, 21 ಲಕ್ಷ ದಂಡ ತೆತ್ತ ಹಾಗೆ. ಸನ್‌ರೂಫ್, ದೊಡ್ಡ ಚಕ್ರ, ಒಳ್ಳೇ ಸ್ಪೀಕರ್ ಅಂತ ಕಾರ್ಖಾನೆಯಲ್ಲೇ ಟಿಕ್ ಮಾಡಿದ್ದೆಲ್ಲ ಸಿಐಎಫ್‌ನೊಳಗೇ ಬರುತ್ತದೆ ಅನ್ನೋದು ಇಲ್ಲಿ ಕಚ್ಚುತ್ತದೆ. ಗೆರೆಯ ಅಂಚಿನಲ್ಲಿರುವ ಕಾರಿಗೆ ಒಂದು ಆಪ್ಷನ್ ಹೆಚ್ಚಾದರೂ ಸಾಕು.

ಸಾಗಣೆ ವೆಚ್ಚದ ರಸೀದಿಯೂ ಅಷ್ಟೇ ಮುಖ್ಯ. ಹಡಗಿನ ಬಾಡಿಗೆ ಎಷ್ಟೆಂದು ದಾಖಲೆಯಲ್ಲಿ ತೋರಿಸಲಾಗದಿದ್ದರೆ ಸಾಗಣೆ, ವಿಮೆ ಸೇರದ ಎಫ್‌ಒಬಿ ಬೆಲೆಯ ಶೇ. 20 ಅಂತ ಕಸ್ಟಮ್ಸ್ ತಾನೇ ಸೇರಿಸುತ್ತದೆ. ವಿಮೆ ಗೊತ್ತಿಲ್ಲದಿದ್ದರೆ ಶೇ. 1.125. ವಿಮಾನದಲ್ಲಿ ತಂದರೆ ಬಾಡಿಗೆ ಎಷ್ಟೇ ಆಗಲಿ, ಲೆಕ್ಕಕ್ಕೆ ಹಿಡಿಯುವುದು ಎಫ್‌ಒಬಿಯ ಶೇ. 20ರವರೆಗೆ ಮಾತ್ರ.

ಬಂದರುಕಟ್ಟೆ:

ಸ್ವಂತ ಆಮದಿನ ಪ್ರಶ್ನೆ ಬಾಕಿ ಇತ್ತು. ಉಳಿಯುವುದು ಡೀಲರ್ ಲಾಭ ಮಾತ್ರ, ಸುಂಕದಲ್ಲಿ ಯಾವ ರಿಯಾಯಿತಿಯೂ ಇಲ್ಲ. 60 ಲಕ್ಷಕ್ಕೆ 66 ಸುಂಕ, 126ರ ಮೇಲೆ ಐಜಿಎಸ್‌ಟಿ 50.40, ಒಟ್ಟು 176.40. ರಸ್ತೆ ತೆರಿಗೆ 35.24. ಕೈಗೆ 211.64 ಲಕ್ಷ. ಕಾಗದದ ಮೇಲೆ 30 ಲಕ್ಷದಷ್ಟು ಉಳಿತಾಯ. ಆದರೆ ಹೊಸ ಕಾರಿಗಿರುವ ಷರತ್ತು ನೋಡಿ:

ಸ್ಟೀರಿಂಗ್ ಬಲಗಡೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲ್ಯಾಂಪಿನ ಬೆಳಕು ಎಡಬದಿ ಸಂಚಾರಕ್ಕೆ ಹೊಂದಬೇಕು. ಬೇರೆಲ್ಲೂ ನೋಂದಣಿ ಆಗಿರಬಾರದು, ಮಾರಾಟವೂ ಆಗಿರಬಾರದು. ದುಬೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅನ್ನುವವರು ಮೊದಲ ಷರತ್ತಿನಲ್ಲೇ ಬೀಳುತ್ತಾರೆ, ಅಲ್ಲಿಯ ಕಾರುಗಳ ಸ್ಟೀರಿಂಗ್ ಎಡಗಡೆ. ಇಳಿಸುವುದೂ ಅಧಿಸೂಚಿತ ಬಂದರುಗಳಲ್ಲಿ ಮಾತ್ರ. ಎಲ್ಲಕ್ಕಿಂತ ಸಿಕ್ಕಾಗುವುದು ಹೋಮೊಲೊಗೇಶನ್, ಅಂದರೆ ಕಾರು ಇಲ್ಲಿಯ ನಿಯಮಕ್ಕೆ ಹೊಂದುತ್ತದೆಂದು ಪರೀಕ್ಷಿಸಿ ಕೊಡುವ ಅನುಮೋದನೆ. ವರ್ಷಕ್ಕೆ 2,500 ವಾಹನಗಳವರೆಗೆ ಅದರಿಂದ ವಿನಾಯಿತಿ 2018ರಿಂದ ಇದೆ, ಅದು ತಯಾರಕರಿಗೂ ಅವರ ಅಧಿಕೃತ ಪ್ರತಿನಿಧಿಗಳಿಗೂ ಅನುಕೂಲವಾಗಿರುವ ದಾರಿ. ಒಂಟಿಯಾಗಿ ತರುವವನ ಕಡತ ಅಲ್ಲೇ ನಿಲ್ಲುತ್ತದೆ.

ಕಡತ ನಿಂತರೆ ಮೀಟರ್ ಓಡುತ್ತದೆ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ತಡವಾದರೆ ಮೊದಲ 3 ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ಸುಂಕ ಕಟ್ಟುವುದು ತಡವಾದರೆ ಶೇ. 15 ಬಡ್ಡಿ. ಬಂದರಿನ ಡೆಮರೇಜ್ (ಮಾಲು ತಡವಾಗಿ ಎತ್ತಿದ್ದಕ್ಕೆ ಶುಲ್ಕ), ಕಂಟೇನರ್ ಬಾಡಿಗೆ ಬೇರೆ. ಕಾಗದ ಪೂರ್ತಿಯಾಗದೆ ಕಾರನ್ನು ಹಡಗಿಗೆ ಹತ್ತಿಸಬೇಡಿ. ಹತ್ತಿಸಿದ ಮೇಲೆ ಏಜೆಂಟ್ ಏನು ಹೇಳಿದರೂ ಕೇಳಬೇಕಾಗುತ್ತದೆ.

ಬಳಸಿದ ಕಾರಾದರೆ ಇನ್ನೂ ಬಿಗಿ. ತಯಾರಾದ ದಿನದಿಂದ 3 ವರ್ಷ ಮೀರಿರಬಾರದು, ಮುಂಬೈ ಬಂದರಿನಲ್ಲೇ ಇಳಿಸಬೇಕು. ನೋಂದಣಿ ದಿನದಿಂದ ಎಣಿಸಿ ಕೆಟ್ಟವರಿದ್ದಾರೆ. ಕಾರು ಗೋದಾಮಿನಲ್ಲಿ ಎಂಟು ತಿಂಗಳು ಕೂತಿದ್ದರೆ ಆ ಎಂಟು ತಿಂಗಳೂ ಲೆಕ್ಕಕ್ಕುಂಟು. ಸುಂಕ 70 ಮತ್ತು ಎಐಡಿಸಿ 67.5, ಒಟ್ಟು 137.5. ಸವಕಳಿ ಮೊದಲ ವರ್ಷ ಮೂರು ತಿಂಗಳಿಗೆ ಶೇ. 4, ಎರಡನೇ ವರ್ಷ 3, ಮೂರನೇ ವರ್ಷ 2.5. ಮೂರು ವರ್ಷ ತುಂಬಿದರೂ ಬೆಲೆಯಲ್ಲಿ ಶೇ. 38 ಮಾತ್ರ ಇಳಿಯುತ್ತದೆ. ಇಳಿಸುವುದು ಹೊಸದಿದ್ದಾಗಿನ ಬೆಲೆಯಿಂದ, ನೀವು ಅಗ್ಗಕ್ಕೆ ಕೊಂಡ ಬೆಲೆಯಿಂದಲ್ಲ. ವಿದೇಶದಿಂದ ವಾಪಸ್ ಬರುವವರು "ಮನೆ ಸಾಮಾನಿನ ಜೊತೆ ಬರುತ್ತೆ" ಅಂದುಕೊಳ್ಳುತ್ತಾರೆ. ಕಸ್ಟಮ್ಸ್ ಕಾಯ್ದೆಯಲ್ಲಿ ಬ್ಯಾಗೇಜ್ ಎಂಬ ಪದದ ವ್ಯಾಖ್ಯೆಯೇ ಮೋಟಾರು ವಾಹನವನ್ನು ಹೊರಗಿಟ್ಟಿದೆ.

ಘಾಟಿತಿರುವು:

ಹೊರರಾಜ್ಯದ ನಂಬರಿನ ಹಳೇ ಕಾರಿನ ಬಗ್ಗೆ ಹೇಳುತ್ತೇನೆ. ಪುದುಚೇರಿ, ಮಹಾರಾಷ್ಟ್ರ ನಂಬರ್ ಕಾರು ಅಗ್ಗ ಕಾಣುವುದು ಕರ್ನಾಟಕದ ತೆರಿಗೆ ಇನ್ನೂ ಕಟ್ಟಿಲ್ಲ ಎಂಬ ಕಾರಣಕ್ಕೆ. 12 ತಿಂಗಳು ಮೀರಿ ಇಲ್ಲಿ ಇಟ್ಟರೆ ಇಲ್ಲಿಯ ನೋಂದಣಿ ಬೇಕು. ಇಲ್ಲಿಯದೇ ಸರ್ವಿಸ್ ಬಿಲ್, ಇಲ್ಲಿಯದೇ ಚಲನ್‌ಗಳಿದ್ದರೆ "ನಿನ್ನೆ ತಾನೇ ಬಂತು" ಎಂಬ ಮಾತು ನಡೆಯಲ್ಲ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಬೆಂಗಳೂರಿನಲ್ಲಿ ಒಂದೇ ದಿನ ಕಟ್ಟಿಸಿಕೊಂಡದ್ದು 1.4 ಕೋಟಿಗೂ ಹೆಚ್ಚು. ಮಾತುಕತೆ ಶುರು ಮಾಡುವ ಮೊದಲೇ ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿ, ಅದನ್ನು ಬೆಲೆಯಲ್ಲಿ ಕಳೆಯಿರಿ. ಹಳೇ ರಾಜ್ಯದಿಂದ ತೆರಿಗೆ ವಾಪಸ್ ಬರುತ್ತೆ ಅನ್ನುವ ಭರವಸೆ ಮೇಲೆ ಬೆಲೆ ಕಟ್ಟಬೇಡಿ.

ಅದಕ್ಕಿಂತ ದೊಡ್ಡ ಗುಂಡಿ ಕಸ್ಟಮ್ಸ್. ಆಮದು ಕಾರಿನ ಜಾತಕ ಅಂದರೆ ಬಿಲ್ ಆಫ್ ಎಂಟ್ರಿ, ಆರ್‌ಸಿ ಅಲ್ಲ. ಅದರ ನಂಬರು, ದಿನಾಂಕ, ಬಂದರಿನ ಕೋಡ್ ಹಾಕಿ ಕಸ್ಟಮ್ಸ್ ಜಾಲತಾಣ ಐಸ್‌ಗೇಟ್‌ನಲ್ಲಿ ನೋಡಿ. ಷಾಸಿ ನಂಬರನ್ನು ಕಾರಿನ ಮೇಲೆ ಕೆತ್ತಿದ ಜಾಗದಿಂದ ಓದಿ, ಫೋಟೋ ನೋಡಿ ಅಲ್ಲ. ಮೂರು ಕಡೆ ತೊಂದರೆ ಅಡಗಿರುತ್ತದೆ: ರಾಜತಾಂತ್ರಿಕರ ಹೆಸರಲ್ಲಿ ಸುಂಕವಿಲ್ಲದೆ ಬಂದದ್ದು, ರಫ್ತಿನ ಬಾಧ್ಯತೆ ಹೊತ್ತು ಇಪಿಸಿಜಿ ಎಂಬ ರಫ್ತು ಯೋಜನೆ ಅಡಿಯಲ್ಲಿ ಹೋಟೆಲ್, ಟ್ರಾವೆಲ್ಸ್ ಹೆಸರಿಗೆ ಕಡಿಮೆ ಸುಂಕದಲ್ಲಿ ಬಂದದ್ದು, ಗಡಿ ದಾಟಿಸಿ ಎಲ್ಲೋ ನೋಂದಣಿ ಮಾಡಿಸಿದ್ದು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ನಡೆಸಿದ ಆಪರೇಷನ್ ನುಂಖೋರ್ ಭೂತಾನದ ದಾರಿಯಿಂದ ಬಂದ ಇಂಥ ಕಾರುಗಳ ಮೇಲೆಯೇ. ಸುಂಕ ತಪ್ಪಿಸಿ ಬಂದ ಮಾಲು ನಾಲ್ಕನೇ ಕೈಗೆ ಹೋದರೂ ಜಪ್ತಿಗೆ ಅರ್ಹವೇ. ನಾನು ಅಮಾಯಕ, ದುಡ್ಡು ಕೊಟ್ಟು ಕೊಂಡೆ ಅಂದರೆ ಕಾರು ಉಳಿಯಲ್ಲ.

ಮೂರನೇಲೇನ್:

ಸರಿ, ಗುಣಾಕಾರ ಅರ್ಥ ಆಯ್ತು. ಹಾಗಾದರೆ ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಕಾಯಬಹುದಾ? ಅಥವಾ ಎಲೆಕ್ಟ್ರಿಕ್ ಕಡೆ ಹೋಗೋದಾ? ಕಂಪನಿ ಹೆಸರಲ್ಲಿ ಕೊಂಡರೆ ಜಿಎಸ್‌ಟಿ ವಾಪಸ್ ಸಿಗುತ್ತೆ ಅಂತಾನೂ ಒಬ್ಬರು ಹೇಳಿದರು.

ಲೆಕ್ಕದಕಡತ:

ಕೊನೆಯದಕ್ಕೆ ಮೊದಲು: ಸಿಗಲ್ಲ. 13 ಆಸನದವರೆಗಿನ ವಾಹನಕ್ಕೆ ಕ್ರೆಡಿಟ್ ತಡೆಹಿಡಿದಿದ್ದಾರೆ. ಕಾರು ಮಾರುವವರು, ಪ್ರಯಾಣಿಕರನ್ನು ಸಾಗಿಸುವವರು, ಡ್ರೈವಿಂಗ್ ಶಾಲೆಯವರು ಮಾತ್ರ ಹೊರತು. ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 15 ಸವಕಳಿ ಸಿಗುತ್ತದೆ, ವ್ಯಾಪಾರಕ್ಕೆ ಬಳಸಿದಷ್ಟಕ್ಕೆ.

ಎಲೆಕ್ಟ್ರಿಕ್ ಆದರೆ ಜಿಎಸ್‌ಟಿ ಶೇ. 5 ಮಾತ್ರ. ಆಮದು ಸುಂಕದಲ್ಲಿ ದಯೆ ಇಲ್ಲ, 40,000 ಡಾಲರ್ ದಾಟಿದರೆ ಅದೇ 110. ಆದರೂ 60 ಲಕ್ಷದ ಕಾರು ಲಾಭ ಸೇರಿಸುವ ಮೊದಲು 132.30 ಲಕ್ಷಕ್ಕೆ ನಿಲ್ಲುತ್ತದೆ, ಪೆಟ್ರೋಲಿನದು 176.40. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಿಂದ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ. 10. ಎಲೆಕ್ಟ್ರಿಕ್ ಕಾರು ಶೇ. 15 ಸುಂಕಕ್ಕೇ ಆಮದು ಅಂತ ಕೇಳಿರಬಹುದು. ಅದು ಇಲ್ಲಿ 4,150 ಕೋಟಿ ಹೂಡಿ ಕಾರ್ಖಾನೆ ಕಟ್ಟಲು ಒಪ್ಪಿದ ಕಂಪನಿಗಳಿಗೆ, ಅದೂ ವರ್ಷಕ್ಕೆ 8,000 ಕಾರುಗಳವರೆಗೆ.

ಬ್ರಿಟನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಜುಲೈ 24ಕ್ಕೆ. ಜಾರಿಯಾದ ಮೊದಲ ವರ್ಷ 3000 ಸಿಸಿ ಮೀರಿದ ಪೆಟ್ರೋಲ್, 2500 ಮೀರಿದ ಡೀಸೆಲ್ ಕಾರುಗಳಿಗೆ 10,000ದ ಕೋಟಾ, ಸುಂಕ ಶೇ. 30, ಐದನೇ ವರ್ಷಕ್ಕೆ ಶೇ. 10. ನಿಮ್ಮ 2998 ಸಿಸಿ ನಡುವಿನ ವರ್ಗಕ್ಕೆ ಬೀಳುತ್ತದೆ. ಅಲ್ಲಿ 5,000 ಕಾರಿನ ಕೋಟಾ, ಮೊದಲ ವರ್ಷ ಶೇ. 50. ಎರಡು ಸಿಸಿಯ ಅಂತರ! ಎಲೆಕ್ಟ್ರಿಕ್‌ಗೆ ಮೊದಲ ಐದು ವರ್ಷ ಏನೂ ಇಲ್ಲ.

ಘಾಟಿತಿರುವು:

ಕಾಯುವವರು ಬ್ರ್ಯಾಂಡ್ ನೋಡಬೇಡಿ, ಕಾರ್ಖಾನೆ ಎಲ್ಲಿದೆ ನೋಡಿ. ಡಿಫೆಂಡರ್ ಬ್ರಿಟನ್ನಿನ ಹೆಸರು ಹೊತ್ತಿದ್ದರೂ ತಯಾರಾಗುವುದು ಸ್ಲೊವಾಕಿಯಾದ ನಿಟ್ರಾದಲ್ಲಿ. ಮಿನಿ ಜರ್ಮನ್ ಕಂಪನಿಯದ್ದಾದರೂ ಆಕ್ಸ್‌ಫರ್ಡಿನಿಂದ ಬಂದರೆ ಲೆಕ್ಕ ಬೇರೆ. ಮೂಲದೇಶದ ಪುರಾವೆ ಇಲ್ಲದೆ ರಿಯಾಯಿತಿ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲೇ ಜೋಡಿಸುವ ಮಾದರಿ ಇದ್ದರೆ ಅದನ್ನೇ ನೋಡಿ. ಎಂಜಿನ್, ಗೇರ್‌ಬಾಕ್ಸ್ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದರೆ ಸುಂಕ 15, ಸರ್ಚಾರ್ಜ್ ಸೇರಿ 16.5. ಅವೇ ಮೊದಲೇ ಜೋಡಿಸಿ ಬಂದರೆ 35. ನಾಲ್ಕು ಚಕ್ರದ ಮೇಲೆ ನಿಂತು ಬಂದರೆ 110. ರೇಂಜ್ ರೋವರ್ 2024ರಿಂದ ಪುಣೆಯಲ್ಲಿ ಜೋಡಣೆಯಾಗಲು ಶುರುವಾದಾಗ ಬೆಲೆ ಇಳಿದದ್ದು ಇದಕ್ಕೇ. ಕೊಟೇಶನ್ ಕೇಳುವಾಗ ಬಣ್ಣ ಕೇಳುವುದಕ್ಕೂ ಮೊದಲು ಸಿಬಿಯುನಾ (ಪೂರ್ತಿ ತಯಾರಾಗಿ ಬಂದದ್ದು), ಸಿಕೆಡಿಯಾ (ಬಿಡಿಭಾಗವಾಗಿ ಬಂದು ಇಲ್ಲಿ ಜೋಡಿಸಿದ್ದು) ಅಂತ ಕೇಳಿ, ಅದನ್ನು ಆರ್ಡರ್ ಫಾರ್ಮ್‌ನಲ್ಲಿ ಬರೆಸಿಕೊಳ್ಳಿ. ಒಂದೇ ಮಾದರಿಯ ಎರಡು ಟ್ರಿಮ್‌ಗಳಲ್ಲಿ ಒಂದು ಪೆಟ್ಟಿಗೆಯದ್ದು, ಇನ್ನೊಂದು ಹಡಗಿನದ್ದು ಆಗಿರುವುದುಂಟು.