ಬಿಸು ಕಳೆದರೂ ಚಿಗುರದ ಅಶ್ವತ್ಥ ಬೋನ್ಸಾಯ್: ಜೀವ ಉಂಟಾ, ಇಲ್ವಾ?

ಪ್ರಶ್ನೆ (ಬಿಜೈ, ಮಂಗಳೂರು):
ನಮಸ್ತೆ ಸರ್. ನನ್ನ ಅಶ್ವತ್ಥ ಬೋನ್ಸಾಯ್ ಟೆರೇಸಿನಲ್ಲಿದೆ. ಶಿವರಾತ್ರಿ ಹೊತ್ತಿಗೆ ಎಲೆಯೆಲ್ಲ ಹಳದಿಯಾಗಿ ಉದುರಿತು. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದರೂ ಬೋಳಾಗಿಯೇ ಇದೆ. ನಮ್ಮ ರಸ್ತೆಯ ಅಶ್ವತ್ಥ ಕಟ್ಟೆಯ ಮರ ಆಗಲೇ ಹಸಿರಾಗಿ ನಿಂತಿದೆ. ಬೆಳಿಗ್ಗೆ ಸಂಜೆ ತಪ್ಪದೆ ನೀರು ಕೊಡುತ್ತಿದ್ದೇನೆ, ಸ್ವಲ್ಪ ನೆಲಗಡಲೆ ಹಿಂಡಿಯೂ ಹಾಕಿದೆ. ಚಟ್ಟಿ ಬದಲಿಸಿ ನೋಡ್ಲಾ?

ಉತ್ತರ (ಬೋನ್ಸಾಯ್ ನರ್ಸರಿ, ಉಡುಪಿ):
ಈಗಲೇ ಚಟ್ಟಿ ಮುಟ್ಟಬೇಡಿ ಅಕ್ಕ. ಹಿಂಡಿಯೂ ಸಾಕು.

ಕಟ್ಟೆಯ ಮರದ ಜೊತೆ ಹೋಲಿಸಬೇಡಿ. ಅದರ ಬೇರು ತಂಪು ಮಣ್ಣಿನಲ್ಲಿ ಆಳಕ್ಕೆ ಹೋಗಿದೆ. ನಿಮ್ಮದರ ಬೇರು ಕಾದ ಕಾಂಕ್ರೀಟಿನ ಮೇಲೆ ನಾಲ್ಕು ಬೆರಳು ಮಣ್ಣಿನಲ್ಲಿದೆ. ಇನ್ನೊಂದು, ಒಂದೇ ರಸ್ತೆಯ ಎರಡು ಅಶ್ವತ್ಥ ಮರಗಳೂ ಒಂದೇ ದಿನ ಚಿಗುರುವುದಿಲ್ಲ. ಬೀಜದಿಂದ ಬಂದ ಒಂದೊಂದು ಮರಕ್ಕೂ ಅದರದೇ ಹೊತ್ತು. ತಡ ಆಯ್ತು ಅಂದರೆ ಕಾಯಿಲೆ ಅಂತ ಅಲ್ಲ.

ಮೊದಲು ಗೆಲ್ಲಿನ ತುದಿ ನೋಡಿ. ಅಶ್ವತ್ಥಕ್ಕೆ ತುದಿಯಲ್ಲಿ ಒಂದು ಚೂಪು ಮೊಗ್ಗು ಇರುತ್ತದೆ. ಅದು ಬಿಗಿಯಾಗಿ, ನುಣುಪಾಗಿದ್ದರೆ ಒಳ್ಳೆಯದು. ಸುಕ್ಕುಗಟ್ಟಿ, ಮುಟ್ಟಿದ ಕೂಡಲೇ ಉದುರಿದರೆ ಆ ತುದಿ ಸತ್ತಿದೆ. ತುದಿ ಸತ್ತರೆ ಮರ ಸತ್ತ ಹಾಗಲ್ಲ.

ಆಮೇಲೆ ಉಗುರಿನಿಂದ ತೊಗಟೆ ಒಂಚೂರು ಗೀರಿ. ಎರಡು ಮೂರು ಮಿಲಿಮೀಟರ್ ಸಾಕು. ಒಳಗೆ ಹಸಿರಾಗಿ, ತೇವವಾಗಿ ಇದ್ದು ಬಿಳಿ ಹಾಲು ಬಂದರೆ ಅಲ್ಲಿ ಜೀವ ಉಂಟು. ಕಂದಾಗಿ ಒಣಗಿದ್ದರೆ ಒಂದಿಂಚು ಕೆಳಗೆ ಬಂದು ಮತ್ತೆ ಗೀರಿ. ಹಸಿರು ಸಿಗುವ ತನಕ ಹೀಗೇ ಇಳಿಯಿರಿ. ಕಾಂಡದ ಎದುರು ಭಾಗದಲ್ಲಿ ಮಾತ್ರ ಬೇಡ, ಕಲೆ ಉಳಿಯುತ್ತದೆ. ಸುತ್ತಲೂ ಗೀರುವುದಂತೂ ಬೇಡವೇ ಬೇಡ. ಪರೀಕ್ಷೆ ಮಾಡಿ ಮಾಡಿಯೇ ಗಿಡ ಕೊಂದವರು ಉಂಟು ಮಾರಾಯ್ರೇ.

ಮೂರನೆಯದು ಬೇರು. ಬುಡ ಹಿಡಿದು ಮೆಲ್ಲ ಅಲ್ಲಾಡಿಸಿ. ಗಟ್ಟಿ ನಿಂತಿದೆಯಾ, ಲಟಪಟ ಅನ್ನುತ್ತದಾ? ಚಟ್ಟಿಯ ಅಡಿ ತೂತಿಗೆ ಮೂಗು ಹಿಡಿದು ನೋಡಿ, ಕೊಳೆತ ವಾಸನೆ ಬರುತ್ತದಾ? ಒಂದು ಬಿದಿರು ಕಡ್ಡಿ ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ಒಳಗಿನ ತೇವ ಗೊತ್ತಾಗುತ್ತದೆ. ಮೂರನ್ನೂ ನೋಡಿ ಹೇಳಿ.

ಪ್ರಶ್ನೆ (ಬಿಜೈ):
ನೋಡಿದೆ ಸರ್. ತುದಿಗಳು ಒಣಗಿವೆ. ಎರಡು ಇಂಚು ಕೆಳಗೆ ಹಸಿರು ಸಿಕ್ಕಿತು, ಹಾಲೂ ಬಂತು. ಬುಡ ಗಟ್ಟಿ ಇದೆ, ವಾಸನೆ ಇಲ್ಲ. ಆದರೆ ಕಡ್ಡಿ ಪೂರ್ತಿ ಒದ್ದೆ. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಸೇರಿಸಿದ್ದೆ.

ಉತ್ತರ:
ಹಾಗಾದರೆ ಮರ ಬದುಕಿದೆ. ತೊಂದರೆ ನೀರಿನದ್ದು.

ಬೇರು ಎಳೆದ ನೀರನ್ನು ಮರ ಖರ್ಚು ಮಾಡುವುದು ಮುಖ್ಯವಾಗಿ ಎಲೆಯ ಮೂಲಕ. ಎಲೆಯೇ ಇಲ್ಲದಾಗ ಖರ್ಚು ತೀರಾ ಕಡಿಮೆ. ನೀವು ಎರಡು ಹೊತ್ತು ಸುರಿದರೆ ಕೋಕೋಪೀಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಬೋಳು ಮರ ಕಂಡಾಗ ಎಲ್ಲರಿಗೂ ಮೊದಲು ಕೈ ಹೋಗುವುದು ನೀರಿನ ಪೈಪಿಗೆ. ಅದೇ ಅಪಾಯ.

ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೆಯೇ ನೀರು ಕೊಡಿ. ಕೊಡುವಾಗ ಅಡಿಯಿಂದ ಹರಿದು ಬರುವಷ್ಟು ಕೊಡಿ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಕಡೆ ಇಡಿ. ಚಟ್ಟಿಯ ಅಡಿಗೆ ಎರಡು ಇಟ್ಟಿಗೆ ಕೊಟ್ಟು ಕಾಂಕ್ರೀಟಿನಿಂದ ಎತ್ತಿ. ಗಿಡಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಒಣ ಹವೆಯ ಊರಿಗೆ. ನಮ್ಮಲ್ಲಿ ಹಾಕಿದರೆ ಬೂಷ್ಟು ಬರುವುದೇ ಜಾಸ್ತಿ. ಒಣಗಿದ ತುದಿಗಳನ್ನು ಈಗ ಕತ್ತರಿಸುವ ಅವಸರ ಬೇಡ, ಹೊಸ ಚಿಗುರು ಎಲ್ಲಿಂದ ಬರುತ್ತದೆ ನೋಡಿ ಆಮೇಲೆ ಕತ್ತರಿಸಿ.

ಮೇ ಕೊನೆಗೂ ಚಿಗುರದಿದ್ದರೆ ಮಳೆಗೆ ಬಿಡಬೇಡಿ, ಶೀಟಿನ ಅಡಿಗೆ ತನ್ನಿ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎಲೆ ಇಲ್ಲದ ಮರ ಅಷ್ಟು ನೀರನ್ನು ಏನು ಮಾಡುತ್ತದೆ?

ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚಿಗುರು ಬಂದ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ. ಬುಟ್ಟಿಯಲ್ಲಿಟ್ಟ ನೀರುಳ್ಳಿ ಮಣ್ಣೇ ಇಲ್ಲದೆ ಮೊಳಕೆ ಒಡೆಯುತ್ತದೆ ಅಲ್ವಾ? ಮರವೂ ಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದ ಒಮ್ಮೆ ಚಿಗುರಬಲ್ಲದು, ಬೇರು ಹಾಳಾಗಿದ್ದರೂ. ಅಂಥ ಎಲೆ ಸಣ್ಣದಾಗಿಯೇ ನಿಲ್ಲುತ್ತದೆ, ಬಿಸಿಲೇರಿದಾಗ ಜೋಲು ಬೀಳುತ್ತದೆ. ತಾಮ್ರದ ಬಣ್ಣದ ಚಿಗುರು ಹಸಿರಾಗಿ, ದಪ್ಪಗಾಗಿ, ಅದರ ಮುಂದೆ ಇನ್ನೊಂದು ಎಲೆ ಬಿಚ್ಚಿತು ಅಂದರೆ ಬೇರು ಕೆಲಸ ಮಾಡುತ್ತಿದೆ. ಗೊಬ್ಬರ ಆಗ. ಕೋಕೋಪೀಟ್ ಕಮ್ಮಿ ಮಾಡಿ, ಇಟ್ಟಿಗೆ ಚೂರು, ಸಣ್ಣ ಜಲ್ಲಿ ಸೇರಿಸಿ ಚಟ್ಟಿ ಬದಲಿಸುವುದನ್ನು ಮುಂದಿನ ವರ್ಷ ಮೊಗ್ಗು ಉಬ್ಬುವಾಗ ಇಟ್ಟುಕೊಳ್ಳಿ. ನಡುವೆ ಕೊಳೆತ ವಾಸನೆ ಬಂದರೆ ಮಾತ್ರ ಕಾಯಬೇಡಿ. ಕೂಡಲೇ ಬಿಚ್ಚಿ, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ.

ಪ್ರಶ್ನೆ (ಮಣಿಪಾಲ):
ಇದರಲ್ಲೇ ಕೇಳ್ತೇನೆ ಅಣ್ಣ. ಆನ್‌ಲೈನಿನಲ್ಲಿ ತರಿಸಿದ ಜಪಾನೀಸ್ ಮೇಪಲ್ ಎಲೆ ಉದುರಿಸಿ ಸುಮ್ನೆ ನಿಂತಿದೆ. ಗೀರಿದರೆ ಹಸಿರೇ.

ಉತ್ತರ:
ಅದಕ್ಕೆ ಬೇಕಾದದ್ದು ನಮ್ಮಲ್ಲಿ ಇಲ್ಲ. ಚಳಿಗಾಲದಲ್ಲಿ ವಾರಗಟ್ಟಲೆ 7 ಡಿಗ್ರಿ ಆಸುಪಾಸಿನ ಚಳಿ ಸಿಕ್ಕಿದರೆ ಮಾತ್ರ ಅದರ ಮೊಗ್ಗು ಸರಿಯಾಗಿ ಎಚ್ಚರಾಗುತ್ತದೆ. ನಮ್ಮ ಕರಾವಳಿಯಲ್ಲಿ ಜನವರಿ ರಾತ್ರಿಯೂ 20ರ ಹತ್ತಿರ. ಅರೆಬರೆ ಚಿಗುರಬಹುದು, ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಚಳಿಯ ಊರಿನಲ್ಲಿ ಗೆಳೆಯರಿದ್ದರೆ ಕೊಟ್ಟುಬಿಡಿ. ನಿಮಗೆ ಎಲೆ ಉದುರಿಸಿ ಚಿಗುರುವ ಮರವೇ ಬೇಕಿದ್ದರೆ ಬಸರಿ ನೆಡಿ.

ಪ್ರಶ್ನೆ (ಕಾಪು):
ದಪ್ಪ ಬುಡದ ಹೂಗಿಡ ಅಡೇನಿಯಂಗೂ ಇದೇ ಪರೀಕ್ಷೆಯಾ ಸರ್?

ಉತ್ತರ:
ಅದಕ್ಕೆ ಗೀರಬೇಕಾಗಿಲ್ಲ. ಬುಡದ ಗೆಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಕಾಯಿರಿ. ಸ್ವಲ್ಪ ಸುಕ್ಕಾಗಿ ಮೆತ್ತಗಿದ್ದು ಮಣ್ಣು ಒಣಗಿದ್ದರೆ ಬಾಯಾರಿದೆ, ನೀರು ಕೊಡಿ. ಮಣ್ಣು ಒದ್ದೆ ಇದ್ದೂ ಪಿಚಕ್ ಅಂತ ಒಳಗೆ ಹೋದರೆ ಕೊಳೆಯುತ್ತಿದೆ. ಇವತ್ತೇ ಕಿತ್ತು, ಬಿಳಿ ಗಟ್ಟಿ ಭಾಗ ಸಿಗುವ ತನಕ ಕತ್ತರಿಸಿ, ಗಾಯ ಪೂರ್ತಿ ಒಣಗುವ ತನಕ ನೆರಳಿನಲ್ಲಿ ಮಣ್ಣಿಲ್ಲದೆ ಇಡಿ.