ರಜೆ ಮುಗಿದರೂ ಸಿಪಾಯಿ ಯೂನಿಟ್‌ಗೆ ಹೋಗಿಲ್ಲ, 30 ದಿನ ದಾಟಿದರೆ ಏನಾಗುತ್ತದೆ?

ಪ್ರಶ್ನೆ

ಭೂಸೇನೆಯ ಸಿಪಾಯಿ, 9 ವರ್ಷ ಸರ್ವಿಸ್. ವಾರ್ಷಿಕ ರಜೆಗೆ ಬಂದವರು ರಜೆ ಮುಗಿದು 22 ದಿನವಾದರೂ ಹೊರಟಿಲ್ಲ. ತಂದೆಗೆ ಕಾಯಿಲೆ. ಯೂನಿಟ್‌ಗೆ ಒಮ್ಮೆ ಫೋನ್ ಮಾಡಿದ್ದು ಬಿಟ್ಟರೆ ಬರವಣಿಗೆಯಲ್ಲಿ ಏನೂ ಹೋಗಿಲ್ಲ. 30 ದಿನ ಕಳೆದರೆ ‘ಭಗೋಡಾ’ (ಸೇನೆ ಬಿಟ್ಟು ಓಡಿಹೋದವನು) ಅಂತ ಬರೆಯುತ್ತಾರಂತೆ, ನಿಜವೇ? ಮನೆಯವರ ಮೇಲೂ ಕೇಸ್ ಬೀಳುತ್ತದಾ? ಮೂರು ವರ್ಷ ತಲೆಮರೆಸಿಕೊಂಡರೆ ಎಲ್ಲ ರದ್ದಾಗುತ್ತದೆ ಅನ್ನುವವರೂ ಇದ್ದಾರೆ.

ಉತ್ತರ 1

ಮೊದಲು ಕೊನೆಯ ಮಾತಿಗೆ ಉತ್ತರ: ಅದನ್ನು ನಂಬಿ ಕೂತವರೇ ಹೆಚ್ಚು ಹಾಳಾಗುವುದು. 1950ರ ಸೇನಾ ಕಾಯ್ದೆಯ 122ನೇ ಸೆಕ್ಷನ್ ಕೋರ್ಟ್ ಮಾರ್ಷಲ್‌ಗೆ, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆಗೆ, ಮೂರು ವರ್ಷದ ಗಡುವು ಹಾಕಿರುವುದು ನಿಜ. ಆದರೆ ಸೇನೆ ತೊರೆದ, ಅಂದರೆ ‘ಭಗೋಡಾ’ ಆದ, ಅಪರಾಧಕ್ಕೆ ಆ ಗಡುವು ಅನ್ವಯಿಸುವುದೇ ಇಲ್ಲ. ಬರೀ ಗೈರುಹಾಜರಿಯಾದರೂ ಬಂಧನ ತಪ್ಪಿಸಿಕೊಂಡು ಓಡಾಡಿದ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ.

ಕಾಯ್ದೆಯಲ್ಲಿ ಇವು ಎರಡು ಬೇರೆ ಅಪರಾಧ. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು, ಅಂದರೆ ಯೂನಿಟ್‌ನವರು ‘ಓಎಸ್‌ಎಲ್’ ಅನ್ನುವುದು, 39ನೇ ಸೆಕ್ಷನ್‌ಗೆ ಬರುತ್ತದೆ. ಗರಿಷ್ಠ ಮೂರು ವರ್ಷ ಸೆರೆ. ಸೇನೆ ತೊರೆಯುವುದು 38ನೇ ಸೆಕ್ಷನ್: ಗರಿಷ್ಠ ಏಳು ವರ್ಷ, ಸಕ್ರಿಯ ಸೇವೆಯಲ್ಲಿದ್ದಾಗ ಅಥವಾ ಅದಕ್ಕೆ ಹೊರಡುವ ಆದೇಶವಿದ್ದಾಗ ಮರಣದಂಡನೆಯವರೆಗೂ ಹೋಗಬಹುದು. ಇವೆರಡನ್ನು ಬೇರ್ಪಡಿಸುವುದು ದಿನಗಳ ಎಣಿಕೆಗಿಂತ ಮುಖ್ಯವಾಗಿ ಉದ್ದೇಶ. ಮತ್ತೆ ಹೋಗಲೇಬಾರದು ಅಂತಲೋ, ಒಂದು ಮುಖ್ಯ ಕರ್ತವ್ಯ ತಪ್ಪಿಸಿಕೊಳ್ಳಬೇಕು ಅಂತಲೋ ಹೋದವನು ಸೇನೆ ತೊರೆದವನು.

ಹಾಗಾದರೆ 30 ದಿನ ಏಕೆ? 106ನೇ ಸೆಕ್ಷನ್ ಪ್ರಕಾರ 30 ದಿನ ಗೈರಾದ ಮೇಲೆ ಕೋರ್ಟ್ ಆಫ್ ಎನ್‌ಕ್ವೈರಿ (ಸೇನೆಯೊಳಗಿನ ತನಿಖಾ ಮಂಡಳಿ) ಕೂರಿಸಲೇಬೇಕು. ಎಂದಿನಿಂದ ಗೈರು, ಕಿಟ್ ಮತ್ತು ಸರ್ಕಾರಿ ಸಾಮಾನಿನಲ್ಲಿ ಏನು ಕೊರತೆ ಎಂದು ನೋಡಿ ಘೋಷಿಸುತ್ತಾರೆ. ಅದು ದಾಖಲೆಗೆ ಹತ್ತಿದ ಮೇಲೂ ಶರಣಾಗದೆ, ಸಿಕ್ಕಿಬೀಳದೆ ಇದ್ದರೆ ಕಾನೂನು ಆತನನ್ನು ತೊರೆದವನೆಂದೇ ಭಾವಿಸುತ್ತದೆ. ನಿಮ್ಮವರಿಗೆ ಇನ್ನೂ ಎಂಟು ದಿನ ಇದೆ. ನಾಳೆಯೇ ಹೊರಡಿಸಿ.

ಉತ್ತರ 2

ಪೊಲೀಸ್ ಮತ್ತು ಮನೆಯವರ ವಿಷಯ. ಯೂನಿಟ್ ಅಪ್ರಿಹೆನ್ಶನ್ ರೋಲ್ (ಗೈರಾದವನನ್ನು ಹಿಡಿದುಕೊಡಿ ಎಂಬ ಪತ್ರ) ಹೊರಡಿಸಿದರೆ ಅದು ಊರಿನ ಪೊಲೀಸರಿಗೆ ತಲುಪುತ್ತದೆ. ಸೇನೆ ತೊರೆದವನೆಂದು ನಂಬಲು ಕಾರಣವಿದ್ದರೆ 105ನೇ ಸೆಕ್ಷನ್‌ನಲ್ಲಿ ವಾರಂಟ್ ಇಲ್ಲದೆಯೇ ಹಿಡಿಯಬಹುದು. ಗೊತ್ತಿದ್ದೂ ಅಂಥವನಿಗೆ ಆಶ್ರಯ ಕೊಟ್ಟ ನಾಗರಿಕರಿಗೆ ಭಾರತೀಯ ನ್ಯಾಯ ಸಂಹಿತೆಯ 164ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಸೆರೆ ಇದೆ. ಅದರಲ್ಲಿ ವಿನಾಯಿತಿ ಗಂಡ ಅಥವಾ ಹೆಂಡತಿಗೆ ಮಾತ್ರ. ಅಪ್ಪ, ಅಮ್ಮ, ಅಣ್ಣ ಯಾರಿಗೂ ಇಲ್ಲ. ಇದನ್ನು ಮನೆಯಲ್ಲಿ ಬಿಡಿಸಿ ಹೇಳಿ, ಪ್ರೀತಿಯಿಂದ ಬಚ್ಚಿಟ್ಟವರೇ ಸಿಕ್ಕಿಕೊಳ್ಳುತ್ತಾರೆ.

ದುಡ್ಡಿನ ಕಡೆ: ಗೈರಾದ ಪ್ರತಿ ದಿನದ ಸಂಬಳ, ಭತ್ಯೆ ಕಡಿತ. ಗೈರನ್ನು ಸರ್ವಿಸ್ ದಾಖಲೆಗೆ ಸೇರಿಸುವ ಪಾರ್ಟ್ ಟೂ ಆರ್ಡರ್ ಆಗುತ್ತಿದ್ದಂತೆ ಸಂಬಳ ನಿಲ್ಲುತ್ತದೆ, ಮನೆ ಸಾಲದ ಕಂತು ನಿಲ್ಲುವುದಿಲ್ಲ. ಸಿಪಾಯಿಯ ಸರ್ವಿಸ್ ಪಿಂಚಣಿಗೆ 15 ವರ್ಷ ಬೇಕು, ಗೈರಿನ ದಿನಗಳು ಅದಕ್ಕೆ ಸೇರುವುದಿಲ್ಲ. ಡಿಸ್ಮಿಸ್ ಆದರಂತೂ ಹಿಂದಿನ ಸರ್ವಿಸ್‌ಗೂ ಪಿಂಚಣಿ, ಗ್ರಾಚ್ಯುಯಿಟಿಯ ಹಕ್ಕು ಹೋಗುತ್ತದೆ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ. ಹೊರಡುವಾಗ ಏನೇನು ಒಯ್ಯಬೇಕು? ಅಲ್ಲಿ ಹೋದ ಮೇಲೆ ಏನು ಮಾಡುತ್ತಾರೆ?

ಉತ್ತರ 3

ಐಡಿ ಕಾರ್ಡ್, ರಜೆ ಪತ್ರ, ತಂದೆಯ ಆಸ್ಪತ್ರೆ ದಾಖಲೆಗಳ ಮೂಲ ಮತ್ತು ಎರಡೆರಡು ಪ್ರತಿ, ಪ್ರಯಾಣದ ಟಿಕೆಟ್. ಹೊರಡುವ ಮೊದಲೇ ಯೂನಿಟ್‌ನ ಆಡಳಿತ ನೋಡಿಕೊಳ್ಳುವ ಅಧಿಕಾರಿ ಅಡ್ಜುಟೆಂಟ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಅರ್ಜಿ: ರಜೆ ಮುಗಿದ ದಿನಾಂಕ, ತಡವಾದ ಕಾರಣ, ಹೊರಡುತ್ತಿರುವ ದಿನ. ರಸೀದಿ ಜೋಪಾನ. ಉದ್ದೇಶದ ಪ್ರಶ್ನೆ ಎದ್ದಾಗ ಮಾತಾಡುವುದು ಈ ಕಾಗದವೇ, ಫೋನ್ ಕರೆಯಲ್ಲ. ಯೂನಿಟ್ ದೂರವಿದ್ದು ದಾರಿ ಕಷ್ಟವಾದರೆ ಹತ್ತಿರದ ರೆಜಿಮೆಂಟಲ್ ಸೆಂಟರ್ ಅಥವಾ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಲ್ಲಿ ಹಾಜರಾಗಬಹುದು. ಹಾಜರಾದ ದಿನ, ಹೊತ್ತು ಬರೆಸಿಕೊಳ್ಳದೆ ಗೇಟ್ ಬಿಡಬೇಡಿ. ತಾನಾಗಿ ಬಂದವನಿಗೂ ಪೊಲೀಸರು ಎಳೆತಂದವನಿಗೂ ಶಿಕ್ಷೆಯಲ್ಲಿ ಅಜಗಜಾಂತರ.

30 ದಿನದೊಳಗೆ ಬಂದ ಮೊದಲ ತಪ್ಪನ್ನು ಸಾಮಾನ್ಯವಾಗಿ ಸಿಒ (ಕಮಾಂಡಿಂಗ್ ಆಫೀಸರ್) ಅವರೇ 80ನೇ ಸೆಕ್ಷನ್‌ನಲ್ಲಿ ಮುಗಿಸುತ್ತಾರೆ: 28 ದಿನದವರೆಗೆ ಮಿಲಿಟರಿ ಕಸ್ಟಡಿ ಅಥವಾ ಲೈನ್‌ನಲ್ಲಿ (ಬ್ಯಾರಕ್ ಆವರಣದಲ್ಲಿ) ನಿರ್ಬಂಧ, 14 ದಿನದ ಸಂಬಳದವರೆಗೆ ದಂಡ. ಶಿಕ್ಷೆಯ ತೂಕಕ್ಕೆ ತಕ್ಕಂತೆ ರೆಡ್ ಇಂಕ್ ಎಂಟ್ರಿ, ಅಂದರೆ ಸರ್ವಿಸ್ ದಾಖಲೆಯಲ್ಲಿ ಕೆಂಪು ಶಾಯಿಯ ಶಿಕ್ಷೆ ನಮೂದು, ಬೀಳಬಹುದು. ನಾಲ್ಕು ರೆಡ್ ಇಂಕ್ ಆದರೆ ಮನೆಗೆ ಕಳಿಸಿಯೇಬಿಡುತ್ತಾರೆ ಅನ್ನುವುದು ಪೂರ್ತಿ ಸರಿಯಲ್ಲ. ವಿಚಾರಣೆ ನಡೆಸದೆ, ಸಂದರ್ಭ ತೂಗದೆ ಹಾಗೆ ಮಾಡುವಂತಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತಡವಾಗಿ ಹೋದರೆ ಸಮರಿ ಕೋರ್ಟ್ ಮಾರ್ಷಲ್, ಅಂದರೆ ಸಿಒ ಒಬ್ಬರೇ ಕೂತು ನಡೆಸುವ ವಿಚಾರಣೆ. ಸಿಒ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವರಾದರೆ ಒಂದು ವರ್ಷದವರೆಗೆ ಸೆರೆ ಕೊಡಬಹುದು. ಇಲ್ಲಿ ಹುಡುಗರು ಎಡವುವುದು ಒಂದೇ ಕಡೆ: ಬೇಗ ಮುಗಿಯಲಿ ಅಂತ ‘ತಪ್ಪಾಯ್ತು’ ಎಂದು ಒಪ್ಪಿ ಸಹಿ ಹಾಕುವುದು. ಹಾಕುವ ಮುನ್ನ ಆರೋಪ 38ರದೋ 39ರದೋ ಓದಿಸಿಕೊಳ್ಳಬೇಕು. ಜೊತೆಗೆ ‘ಫ್ರೆಂಡ್ ಆಫ್ ದಿ ಅಕ್ಯೂಸ್ಡ್’ (ಆರೋಪಿಗೆ ಪಕ್ಕದಲ್ಲಿದ್ದು ಸಲಹೆ ಕೊಡುವವರು) ಕೇಳುವ ಹಕ್ಕಿದೆ, ಸಾಕ್ಷಿಗಳನ್ನು ಪ್ರಶ್ನಿಸಬಹುದು. ವಿಚಾರಣೆಗೆ 96 ಗಂಟೆ ಮೊದಲು ಆರೋಪ ತಿಳಿಸಬೇಕು, ಸಕ್ರಿಯ ಸೇವೆಯಲ್ಲಾದರೆ 24 ಗಂಟೆ.

ತಂದೆಯ ಕಾಯಿಲೆ ಇನ್ನೂ ಬಹಳ ದಿನ ಎಳೆಯುವಂಥದ್ದಾದರೆ ಹಾಜರಾದ ಮೇಲೆ ಕಂಪ್ಯಾಶನೇಟ್ ಪೋಸ್ಟಿಂಗ್ (ಮನೆಯ ಕಷ್ಟದ ಕಾರಣಕ್ಕೆ ಊರಿನ ಹತ್ತಿರಕ್ಕೆ ವರ್ಗ) ಕೇಳಲಿ. ಅದಕ್ಕೂ ಆಗದಿದ್ದರೆ ಸ್ವಂತ ಕೋರಿಕೆಯ ಡಿಸ್ಚಾರ್ಜ್. ಮನೆಯ ಪರಿಸ್ಥಿತಿಯ ವರದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ನೀವು ಈಗಲೇ ಒಂದು ಅರ್ಜಿ ಕೊಟ್ಟಿಡಿ.